ಮಲಗಿದ ಮುಳ್ಳು

ಹಳೆಯ ಕಾರು ಇಟ್ಟುಕೊಂಡವರು ಘಾಟಿ ಹತ್ತುವಾಗ ರಸ್ತೆಯನ್ನು ನೋಡಿದಷ್ಟೇ ಸಲ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮೀಟರನ್ನೂ ನೋಡುತ್ತಾರೆ. ಮುಳ್ಳು ‘ಎಚ್’ ಕಡೆಗೆ ವಾಲಿತೋ, ಕಾರು ಪಕ್ಕಕ್ಕೆ ನಿಲ್ಲುತ್ತದೆ, ಬಾನೆಟ್ ಏಳುತ್ತದೆ, ಡಿಕ್ಕಿಯಿಂದ ನೀರಿನ ಕ್ಯಾನು ಹೊರಬರುತ್ತದೆ. ಅದೇ ಮುಳ್ಳು ‘ಸಿ’ ಮೇಲೆ ಮಲಗಿದ್ದರೆ ಯಾರಿಗೂ ಚಿಂತೆಯಿಲ್ಲ. ಆದರೆ ಮೀಟರಿನ ಒಳಗುಟ್ಟು ಬಲ್ಲವರು ಹೆಚ್ಚು ಅಂಜುವುದು ಈ ಮಲಗಿದ ಮುಳ್ಳಿಗೇ.

ಹಳೆಯ ಬ್ರಿಟಿಷ್ ಕಾರುಗಳನ್ನೇ ನೋಡಿ. ಎಷ್ಟೋ ಕಾರುಗಳಲ್ಲಿ ಇಂಜಿನ್ನಿನ ನೀರಿನೊಳಗೆ ಈಥರ್ ತುಂಬಿದ ಪುಟ್ಟ ಲೋಹದ ಬಲ್ಬ್ ಇರುತ್ತದೆ. ನೀರು ಕಾದಂತೆ ಈಥರಿನ ಆವಿಯ ಒತ್ತಡ ಏರಿ, ಸಪೂರ ಕೊಳವೆಯ ಮೂಲಕ ಮೀಟರಿಗೆ ತಲುಪುತ್ತದೆ. ಅಲ್ಲಿರುವ ಬಾಗಿದ ನಳಿಗೆ ಆ ಒತ್ತಡಕ್ಕೆ ಕೊಂಚ ನೆಟ್ಟಗಾಗುತ್ತದೆ, ಮುಳ್ಳು ತಿರುಗುತ್ತದೆ. ಫ್ರಾನ್ಸಿನ ಯೂಜೀನ್ ಬೋರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ನಳಿಗೆ ಅದು. ಕೊಳವೆ ಬಿರುಕು ಬಿಟ್ಟರೆ ಈಥರ್ ಆರಿಹೋಗುತ್ತದೆ, ಮುಳ್ಳು ‘ಸಿ’ಗೆ ಬಂದು ಮಲಗುತ್ತದೆ.

1960ರ ದಶಕದ ಹೊತ್ತಿಗೆ ವಿದ್ಯುತ್ ಮೀಟರುಗಳು ಹರಡಿದವು. ಇವುಗಳ ಸೆನ್ಸರ್ ಬಿಸಿಯಾದಷ್ಟೂ ಅದರ ವಿದ್ಯುತ್ ಪ್ರತಿರೋಧ ಇಳಿಯುತ್ತದೆ, ಕರೆಂಟ್ ಹೆಚ್ಚು ಹರಿಯುತ್ತದೆ, ಮುಳ್ಳು ಏರುತ್ತದೆ. ವೈರ್ ತುಂಡಾದರೆ ಕರೆಂಟೇ ಇಲ್ಲ. ಮುಳ್ಳು ಮತ್ತೆ ‘ಸಿ’ಗೇ. ನೀರು ಸೋರಬಾರದೆಂದು ಸೆನ್ಸರಿನ ಥ್ರೆಡ್ಡಿಗೆ ದಪ್ಪವಾಗಿ ಟೆಫ್ಲಾನ್ ಟೇಪ್ ಸುತ್ತಿ ಅರ್ಥಿಂಗ್ ತಪ್ಪಿದರೂ ಅದೇ ಕಥೆ. ಎಲ್ಲಕ್ಕಿಂತ ಅಪಾಯದ್ದು ಇನ್ನೊಂದಿದೆ. ರೇಡಿಯೇಟರ್ ಸೋರಿ ನೀರು ಪೂರಾ ಕೆಳಗಿಳಿದರೆ ಸೆನ್ಸರ್ ಗಾಳಿಯಲ್ಲಿ ಉಳಿಯುತ್ತದೆ. ಇಂಜಿನ್ ಸುಡುತ್ತಿರುವಾಗಲೇ ಮುಳ್ಳು ಕೆಳಗಿಳಿಯಲೂಬಹುದು. ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋದಾಗಲೋ ಇಂಜಿನ್ ಸೀಜ್ ಆದಾಗಲೋ ನಿಜ ತಿಳಿಯುತ್ತದೆ.

ಹಾಗಾಗಿ ನುರಿತ ಮೆಕ್ಯಾನಿಕ್ ಮೀಟರ್ ಬಿಚ್ಚುವ ಮೊದಲು ಇಂಜಿನ್ನಿನ ನಿಜಸ್ಥಿತಿ ವಿಚಾರಿಸುತ್ತಾನೆ. ಇಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು ನೀರಿನ ಮಟ್ಟ ನೋಡುತ್ತಾನೆ. ಬಿಸಿ ಇರುವಾಗ ಕ್ಯಾಪ್‌ಗೆ ಕೈ ಹಾಕಿದರೆ ಒತ್ತಡದ ಬಿಸಿನೀರು ಮುಖಕ್ಕೇ ಚಿಮ್ಮುತ್ತದೆ. ನೀರು ಸರಿಯಿದ್ದರೆ ಇಂಜಿನ್ ಚಾಲೂ ಮಾಡಿ, ಹೊರಗಿನಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುತ್ತಾನೆ. ಥರ್ಮೋಸ್ಟಾಟ್ ತೆರೆದೇ ಉಳಿದು ಇಂಜಿನ್ ನಿಜವಾಗಿಯೂ ತಣ್ಣಗೆ ಓಡುತ್ತಿರಬಹುದು; ಆಗ ಮುಳ್ಳು ಹೇಳುತ್ತಿರುವುದು ಸತ್ಯವೇ.

ಇಂಜಿನ್ ಬಿಸಿಯಿದ್ದು ಮುಳ್ಳು ಮಾತ್ರ ಮಲಗಿದ್ದರೆ, ವಿದ್ಯುತ್ ಮೀಟರಿಗೆ ಒಂದು ಸರಳ ಪರೀಕ್ಷೆ ಇದೆ. ಇಗ್ನಿಷನ್ ಆನ್ ಮಾಡಿ, ಸೆನ್ಸರಿನ ವೈರ್ ಕಳಚಿ, ಅದರ ತುದಿಯನ್ನು ಕೆಲವೇ ಕ್ಷಣ ಇಂಜಿನ್ನಿನ ಲೋಹಕ್ಕೆ ಮುಟ್ಟಿಸಬೇಕು. ಮುಳ್ಳು ‘ಎಚ್’ನತ್ತ ಏರಿದರೆ ಮೀಟರೂ ವೈರೂ ಸರಿಯಿವೆ, ಅನುಮಾನ ಸೆನ್ಸರಿನದು. ಏರದಿದ್ದರೆ ಮೀಟರನ್ನೋ ವೈರನ್ನೋ ನೋಡಬೇಕು. ಪೆಟ್ರೋಲ್ ಮೀಟರೂ ಜೊತೆಯಲ್ಲೇ ಹಾದಿ ತಪ್ಪಿದ್ದರೆ, ಎರಡಕ್ಕೂ ಸುಮಾರು 10 ವೋಲ್ಟ್ ಒದಗಿಸುವ ವೋಲ್ಟೇಜ್ ಸ್ಟೆಬಿಲೈಸರ್ ಕೆಟ್ಟಿರಬಹುದು. ಸೆನ್ಸರನ್ನು ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವ ಬೆಂಗಳೂರಿಗರು ಒಂದು ಮಾತು ನೆನಪಿಡಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

ವೈರ್ ಮುಟ್ಟಿಸುವ ಆ ಪರೀಕ್ಷೆಯ ಬಗ್ಗೆ ನನಗೆ ತುಂಬ ಗೌರವ. ಅದು ಮುಳ್ಳನ್ನು ‘ಈಗ ಹೇಗಿದೆ?’ ಎಂದು ಕೇಳುವುದಿಲ್ಲ. ‘ಕೆಟ್ಟದ್ದಾದರೆ ಹೇಳುವ ಶಕ್ತಿ ನಿನಗಿನ್ನೂ ಉಳಿದಿದೆಯೇ?’ ಎಂದು ಕೇಳುತ್ತದೆ. ಕೆಟ್ಟ ಸುದ್ದಿ ಬಂದರೆ ನಾವು ಹತ್ತು ಕಡೆ ವಿಚಾರಿಸುತ್ತೇವೆ. ಒಳ್ಳೆಯ ಸುದ್ದಿಯನ್ನು ಯಾರೂ ಪರೀಕ್ಷೆಗೆ ಒಡ್ಡುವುದಿಲ್ಲ. ತಣ್ಣಗಿರುವ ಇಂಜಿನ್ನೂ ತುಂಡಾದ ವೈರೂ ಡ್ಯಾಶ್‌ಬೋರ್ಡಿನಲ್ಲಿ ಕಾಣುವುದು ಒಂದೇ ರೀತಿ.

ಹಾಸ್ಟೆಲಿನಲ್ಲಿರುವ ಮಗ ಫೋನಿನಲ್ಲಿ ದಿನವೂ ‘ಎಲ್ಲ ಚೆನ್ನಾಗಿದೆ ಅಮ್ಮ’ ಎನ್ನುತ್ತಾನೆ. ನಿಜವಾಗಿಯೂ ಚೆನ್ನಾಗಿರಬಹುದು. ಹಿಂದೊಮ್ಮೆ ಕಷ್ಟ ಹೇಳಿಕೊಂಡಾಗ ಬೈಗುಳ ತಿಂದು, ಹೇಳುವುದನ್ನೇ ಬಿಟ್ಟಿರಲೂಬಹುದು. ‘ಚೆನ್ನಾಗಿದ್ದೀಯಾ?’ ಎಂಬ ಪ್ರಶ್ನೆಗೆ ಎರಡೂ ಸಂದರ್ಭದಲ್ಲಿ ಬರುವ ಉತ್ತರ ಒಂದೇ. ಅದಕ್ಕೇ ಪ್ರಶ್ನೆಯನ್ನು ಬದಲಿಸೋಣ. ‘ಈ ವಾರ ಯಾವುದು ಕಷ್ಟವಾಯಿತು?’ ಎಂದು ಕೇಳೋಣ. ಉತ್ತರ ಕಹಿಯಾಗಿದ್ದರೂ ರೇಗದೆ ಪೂರ್ತಿ ಕೇಳಿಸಿಕೊಳ್ಳೋಣ. ಹಾಗೆ ಕೇಳಿಸಿಕೊಂಡ ಮನೆಯಲ್ಲಿ ಮಾತ್ರ ‘ಚೆನ್ನಾಗಿದ್ದೇನೆ’ ಎಂಬ ಮಾತನ್ನು ಧೈರ್ಯವಾಗಿ ನಂಬಬಹುದು.