ಲೆಕ್ಕ ಬಲ್ಲವಳು

ಲೆಕ್ಕ ಎಂಬ ಶಬ್ದಕ್ಕೆ ನಮ್ಮ ಮಾತಿನಲ್ಲಿ ಎರಡು ಮುಖಗಳಿವೆ. ಪೈಸೆ ಪೈಸೆಗೂ ಲೆಕ್ಕ ಇಡುವ ಗಂಡಸನ್ನು ನಾವು ವ್ಯವಹಾರಸ್ಥ ಎನ್ನುತ್ತೇವೆ. ಅದನ್ನೇ ಹೆಂಗಸು ಮಾಡಿದರೆ 'ಅವಳು ಭಾರೀ ಲೆಕ್ಕಾಚಾರದವಳು' ಎಂದು ಮೂಗು ಮುರಿಯುತ್ತೇವೆ. 'ನನಗೆ ಈ ಲೆಕ್ಕ ಪಕ್ಕ ಒಂದೂ ತಿಳಿಯುವುದಿಲ್ಲಪ್ಪ' ಎಂದು ಹೇಳುವ ಹೆಂಗಸಿಗೆ ಒಳ್ಳೆಯವಳು ಎಂಬ ಹೆಸರು ಸುಲಭವಾಗಿ ಬರುತ್ತದೆ. ಲೆಕ್ಕ ತಿಳಿಯದಿರುವುದು ನಿಜವಾಗಿಯೂ ಒಂದು ಒಳ್ಳೆಯ ಗುಣವೇ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಕಡಬದ ಆಚೆಯ ಅಡಿಕೆ ತೋಟದ ಮನೆಯ ಹುಡುಗಿ. ಬಿ.ಎ. ಮುಗಿಸಿ, ಮದುವೆಯಾಗಿ, ಮಗು ಶಾಲೆಗೆ ಹೋಗತೊಡಗಿದ ಮೇಲೆ ಎಂಬಿಎ ಮಾಡುವ ಮನಸ್ಸಾಗಿದೆ. ಅದಕ್ಕೆ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಗಣಿತವೂ ಇದೆ: ಶೇಕಡಾ, ಅನುಪಾತ, ಸರಾಸರಿ, ಬಡ್ಡಿ. ಸಮಾಜ ವಿಜ್ಞಾನ ಹೇಳುವ ನನಗೆ ಗಣಿತ ಮುಖ್ಯ ವಿಷಯವಲ್ಲ. ಆದರೂ ಏಳನೆಯ ತರಗತಿಗೆ ಹಲವು ವರ್ಷ ಅದನ್ನೂ ಹೇಳಿಕೊಟ್ಟವಳೆಂಬ ನಂಬಿಕೆಯಿಂದ ಅವಳು ಭಾನುವಾರಗಳಂದು ಬರತೊಡಗಿದಳು.

"ಟೀಚರ್, ಎಂಬಿಎಗೆ ಹೋಗುವವಳು ಏಳನೇ ಕ್ಲಾಸಿನ ಪುಸ್ತಕ ಹಿಡಿದರೆ ಜನ ನಗುವುದಿಲ್ವಾ?"

"ಕತ್ತಿಗೆ ತುಕ್ಕು ಹಿಡಿದರೆ ಮಸೆಯುವುದಕ್ಕೆ ಯಾರಾದರೂ ನಾಚುತ್ತಾರಾ ಮಾರಾಯ್ತಿ?" ಎಂದೆ.

ಅಡಿಕೆಯಿಂದಲೇ ಆರಂಭಿಸಿದೆವು. ಕಿಲೋಗೆ 400 ರೂಪಾಯಿ ಇದ್ದ ಅಡಿಕೆ ಶೇಕಡಾ 25 ಏರಿತು, ಆಮೇಲೆ ಶೇಕಡಾ 25 ಇಳಿಯಿತು ಎಂದಿಟ್ಟುಕೊಳ್ಳಿ. ಈಗ ಬೆಲೆ ಎಷ್ಟು? 400 ಎಂದು ಹೇಳಲು ಬಾಯಿ ತೆರೆಯುತ್ತದೆ. ಆದರೆ ಏರಿದಾಗ 500, ಅದರಿಂದ ಕಾಲು ಭಾಗ ಹೋದರೆ 375. ಶೇಕಡಾ ಎಂದ ಕೂಡಲೇ 'ಯಾವುದರ ಶೇಕಡಾ?' ಎಂದು ಕೇಳಬೇಕು. ಅರ್ಧ ಗಣಿತ ಆ ಒಂದು ಪ್ರಶ್ನೆಯಲ್ಲಿದೆ.

ಮುಂದಿನ ವಾರ ಬಡ್ಡಿ. ಶೇಕಡಾ 12ರ ಬಡ್ಡಿಗೆ 10,000 ರೂಪಾಯಿ ಸಾಲ. ಅಸಲು, ಬಡ್ಡಿ ಸೇರಿ 11,200 ರೂಪಾಯಿಯನ್ನು ಹನ್ನೆರಡು ಸಮ ಕಂತುಗಳಲ್ಲಿ ಕಟ್ಟಬೇಕು. ಆದರೆ 10,000 ರೂಪಾಯಿ ವರ್ಷವಿಡೀ ನಮ್ಮ ಕೈಯಲ್ಲಿ ಇರುವುದೇ ಇಲ್ಲ. ತಿಂಗಳು ತಿಂಗಳು ಅಸಲು ಕರಗುತ್ತಾ ಬರುತ್ತದೆ. ಸರಾಸರಿ ತೆಗೆದರೆ ನಾವು ಬಳಸಿದ್ದು ಸುಮಾರು 5,417 ರೂಪಾಯಿ. ಅದಕ್ಕೆ ಕೊಟ್ಟ ಬಡ್ಡಿ 1,200. ಅಂದರೆ ಹೆಚ್ಚುಕಡಿಮೆ ಶೇಕಡಾ 22! ಹುಡುಗಿ ಪೆನ್ಸಿಲು ಕೆಳಗಿಟ್ಟಳು. ಹೊಲಿಗೆ ಯಂತ್ರಕ್ಕೆಂದು ಅವಳು ಇಂಥದೇ ಸಾಲ ತೆಗೆದು ತೀರಿಸಿದ್ದಳು.

"ಇದು ಮೊದಲೇ ಗೊತ್ತಿದ್ದರೆ!" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಟೀಚರ್, ನಾಳೆ ನಾನೇ ಸಾಲ ಕೊಡುವ ಕಂಪೆನಿಯಲ್ಲಿ ಕೂತರೆ ಏನು ಮಾಡಬೇಕು?" ಎಂದು ಕೇಳಿದಳು.

ಇದಕ್ಕೆ ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರವಿಲ್ಲ. ಕನ್ನಡದಲ್ಲಿ 12ನೆಯ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ' ಎಂಬ ಗ್ರಂಥ ಬರೆದ. ಅವನಿಗಿಂತ ಮೊದಲು, 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರ ಸಂಗ್ರಹ'ದಲ್ಲಿ ಬಡ್ಡಿಯ ಲೆಕ್ಕಗಳನ್ನು ಬಿಡಿಸಿ ತೋರಿಸಿದ್ದ. ಬಡ್ಡಿ ಎಷ್ಟಾಗುತ್ತದೆ ಎಂಬುದನ್ನು ಗಣಿತ ಸಾವಿರ ವರ್ಷಗಳಿಂದ ಹೇಳುತ್ತಿದೆ. ಎಷ್ಟು ತೆಗೆದುಕೊಳ್ಳುವುದು ನ್ಯಾಯ ಎಂಬುದನ್ನು ಮಾತ್ರ ಮನುಷ್ಯನೇ ತೀರ್ಮಾನಿಸಬೇಕು.

ಹಾಗಾದರೆ ಲೆಕ್ಕ ಕಲಿತವಳ ಮನಸ್ಸು ಕಲ್ಲಾಗುತ್ತದೆ ಎಂಬ ಹಿರಿಯರ ಭಯ ಸುಳ್ಳೇ? ಪೂರ್ತಿ ಸುಳ್ಳಲ್ಲ. ಎದುರು ಕೂತವಳಿಗೆ ಲೆಕ್ಕ ಬಾರದು ಎಂದು ತಿಳಿದಾಗ ಲೆಕ್ಕ ಬಲ್ಲವರಿಗೆ ಒಂದು ಆಸೆ ಹುಟ್ಟುತ್ತದೆ. ಆದರೆ ಅದಕ್ಕೆ ಮದ್ದು ಲೆಕ್ಕ ಬಿಡುವುದಲ್ಲ. 'ಎಲ್ಲರೂ ಹೀಗೆಯೇ ಮಾಡುತ್ತಾರೆ' ಎಂದು ತಿಳಿಯದವಳು ಸುಮ್ಮನಿರಬಹುದು. 12 ಎಂದದ್ದು ನಿಜವಾಗಿ 22 ಎಂದು ತಿಳಿದವಳು ಸುಮ್ಮನಿದ್ದರೆ ಅದು ಅವಳ ಆಯ್ಕೆ. ತಿಳಿವಳಿಕೆ ಬಂದ ದಿನವೇ ಹೊಣೆಯೂ ಬರುತ್ತದೆ. ನಾನು ಅವಳಿಗೆ ಹೇಳಿದ್ದು ಇಷ್ಟೇ: "ನೀನು ಆ ಕುರ್ಚಿಯಲ್ಲಿ ಕೂತ ದಿನ, ಎದುರಿನವಳಿಗೆ ಸಹಿ ಹಾಕುವ ಮೊದಲೇ ಈ ಲೆಕ್ಕ ಬಿಡಿಸಿ ತೋರಿಸು. ಆಮೇಲೂ ಅವಳಿಗೆ ಸಾಲ ಬೇಕಾದರೆ ಕೊಡು."

ಮನೆಯೊಳಗೂ ಮಾತು ಇದೇ. ಅಣ್ಣತಮ್ಮಂದಿರಿಗೆ ಆಸ್ತಿಯ ಪಾಲು ಬಿಟ್ಟುಕೊಡುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತನ್ನ ಪಾಲು ಎಷ್ಟೆಂದು ತಿಳಿದು, ಮನಸಾರೆ ಬಿಟ್ಟರೆ ಅದು ಔದಾರ್ಯ. ಎಷ್ಟೆಂದೇ ತಿಳಿಯದೆ ತೋರಿಸಿದಲ್ಲಿ ಸಹಿ ಹಾಕಿದರೆ ಅದು ಕೊಟ್ಟದ್ದಲ್ಲ, ಕಳಕೊಂಡದ್ದು. ಎಣಿಸಲು ಬಾರದವಳಿಗೆ ದಾನ ಮಾಡುವ ಭಾಗ್ಯವೂ ಇಲ್ಲ.

ಮಗುವಿಗೆ ಎಷ್ಟು ರಾತ್ರಿ ನಿದ್ದೆಗೆಟ್ಟೆವು, ಅತ್ತೆಗೆ ಎಷ್ಟು ಸಲ ಗಂಜಿ ಕಾಯಿಸಿದೆವು ಎಂದು ಬರೆದಿಡಬೇಕಾಗಿಲ್ಲ, ಬರೆದಿಡಲೂ ಬಾರದು. ಯಾವುದನ್ನು ಎಣಿಸಬಾರದು ಎಂಬ ವಿವೇಕ ನಮಗೆ ಹೆಚ್ಚಾಗಿಯೇ ಇದೆ. ಅದರ ಜೊತೆಗೆ, ಯಾವುದನ್ನು ಎಣಿಸಲೇಬೇಕು ಎಂಬುದೂ ತಿಳಿದಿರಲಿ. ಮಕ್ಕಳ ಹಳೆಯ ಗಣಿತ ಪುಸ್ತಕಗಳು ನಿಮ್ಮ ಅಟ್ಟದಲ್ಲಿದ್ದರೆ ರದ್ದಿಗೆ ಹಾಕುವ ಮೊದಲು, ಶೇಕಡಾ ಮತ್ತು ಬಡ್ಡಿಯ ಎರಡು ಪಾಠಗಳನ್ನಾದರೂ ಒಮ್ಮೆ ಬಿಡಿಸಿ ನೋಡಿ.