ಮರದಲ್ಲಿಲ್ಲದ ಸೋದರತ್ತೆ

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದ ಹೆಳವರನ್ನು ನಮ್ಮ ಕಡೆಯ ಹಿರಿಯರು ಇನ್ನೂ ನೆನೆಯುತ್ತಾರೆ. ಮನೆತನದ ಮೂಲಪುರುಷ ಯಾರು, ಯಾವ ಊರಿಂದ ಬಂದವನು, ಯಾರಿಗೆ ಎಷ್ಟು ಗಂಡುಮಕ್ಕಳು ಎಂದು ಒಪ್ಪಿಸಿ, ರಾಗಿಯನ್ನೋ ದುಡ್ಡನ್ನೋ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳ ಹೆಸರು ಅಲ್ಲಿ ಬರುತ್ತಿದ್ದುದು ಅಪರೂಪ.

ಈಗ ಆ ಕೆಲಸ ನಾಡಕಚೇರಿಯದು. ತೀರಿಕೊಂಡವರ ಜಮೀನು ಮಕ್ಕಳ ಹೆಸರಿಗೆ ಪೌತಿ ಖಾತೆಯಾಗಬೇಕಾದರೆ ವಂಶವೃಕ್ಷ ಬೇಕು. ಬೆಂಗಳೂರು ಬಿಡದಿ ದಾಟಿ ಬಂದಿದೆ, 2023ರಲ್ಲಿ ಹೊಸ ಹೆದ್ದಾರಿಯೂ ಆಯಿತು. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಸುತ್ತ ಹತ್ತು ಗುಂಟೆ ಇದ್ದವರ ಜಗಲಿಯ ಮೇಲೂ ಈಗ ವಂಶವೃಕ್ಷದ್ದೇ ಮಾತು. 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೆಣ್ಣುಮಕ್ಕಳನ್ನು ಬಿಟ್ಟು ಬರೆಯುವ ಹಾಗಿಲ್ಲ. ಬಿಡಲು ನೋಡುವವರು ಇದ್ದೇ ಇದ್ದಾರೆ, ಆ ಮಾತು ಬೇರೆ.

ಆದರೆ ಕಾನೂನು ಬದಲಾದರೂ ಆ ಮರದ ಬೇರು ಒಬ್ಬ ಗಂಡಸಿನದೇ. ಅವನ ಹೆಂಡತಿ, ಅವನ ಮಕ್ಕಳು. ಅವನಿಗೆ ಮೊದಲು ಆ ಹೆಂಡತಿಗೊಂದು ಬದುಕಿದ್ದರೆ ಅದಕ್ಕೆ ಅಲ್ಲಿ ಕೊಂಬೆಯಿಲ್ಲ.

ನಮ್ಮ ಮುತ್ತಜ್ಜಿಗೆ ಅಂಥದೊಂದು ಬದುಕಿತ್ತು. ಕನಕಪುರದ ಕಡೆಗೆ ಕೊಟ್ಟಿದ್ದರು, ಆಗ ಅದು ಕಾನಕಾನಹಳ್ಳಿ. ಗಂಡ ತೀರಿಕೊಂಡ. ಇದ್ದ ಒಬ್ಬ ಮಗಳನ್ನು ಮೈದುನರ ಮನೆಯಲ್ಲೇ ಬಿಟ್ಟು, ಕೂಡಾವಳಿಯಾಗಿ ಚನ್ನಪಟ್ಟಣ ತಾಲ್ಲೂಕಿನ ನಮ್ಮ ಮನೆಗೆ ಬಂದಳು. ಆ ಮಗಳು ನಮ್ಮ ಮರದಲ್ಲಿಲ್ಲ. ಅತ್ತ ಕಡೆಯ ಮರದಲ್ಲೂ ಇಲ್ಲ, ಅಲ್ಲಿ ಗಂಡುಮಕ್ಕಳನ್ನಷ್ಟೇ ಬರೆದಿದ್ದಾರೆ. ವರಸೆಯಲ್ಲಿ ಆಕೆ ನಮ್ಮ ಅಪ್ಪ, ದೊಡ್ಡಪ್ಪಂದಿರಿಗೆ ಸೋದರತ್ತೆ. ಹೆಸರಿಡುವ ದಿನ ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕಾದವಳು.

ಪಿಎಚ್‌ಡಿ ಮಾಡುತ್ತಿದ್ದೇನೆಂದು ಮನೆತನದ ಪಟ್ಟಿ ಬರೆದು ವಾಟ್ಸಾಪ್ ಗುಂಪಿಗೆ ಹಾಕುವ ಕೆಲಸ ನನಗೆ ಬಂದಿತ್ತು. ಈ ಹೆಸರು ಸೇರಿಸುತ್ತೇನೆ ಎಂದಾಗ ದೊಡ್ಡಪ್ಪ, "ಮಣ್ಣಾದೋರ ಮಾನ ಯಾಕೆ ಕಳೀತೀಯವ್ವ?" ಅಂದರು.

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸತ್ತವರು ಎದ್ದು ಬಂದು ತಮ್ಮ ಪರವಾಗಿ ಮಾತಾಡಲಾರರು, ಅವರ ಗುಟ್ಟನ್ನು ಕಾಯುವುದು ಬದುಕಿರುವವರ ಹೊಣೆ ಎಂಬುದು ಸರಿಯೇ. ಆದರೆ ಇದು ಯಾರ ಗುಟ್ಟು? 1856ರಲ್ಲಿ ವಿಧವಾ ವಿವಾಹಕ್ಕೆ ಬ್ರಿಟಿಷ್ ಸರ್ಕಾರ ಕಾಯ್ದೆ ಮಾಡಿದಾಗ, ಹಳೇ ಮೈಸೂರಿನ ಬೇಸಾಯದ ಜಾತಿಗಳಲ್ಲಿ ಕೂಡಾವಳಿ, ಸೀರೆ ಉಡಿಕೆ ಎಂಬ ಹೆಸರಲ್ಲಿ ಅದು ಮೊದಲೇ ರೂಢಿಯಲ್ಲಿತ್ತು. ಗೌರವ ಸಮನಾಗಿತ್ತು ಎನ್ನಲಾರೆ. ಧಾರೆಯ ಸಡಗರವಿರುತ್ತಿರಲಿಲ್ಲ, ಹಾಗೆ ಬಂದವಳನ್ನು ಶುಭಕಾರ್ಯಗಳಲ್ಲಿ ಮುಂದೆ ಬಿಡುತ್ತಿರಲಿಲ್ಲ. ಆದರೂ ಅದು ಊರು ಕಂಡ, ಊರು ಒಪ್ಪಿದ ಸಂಬಂಧ. ಮುತ್ತಜ್ಜಿ ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ, ಮುಚ್ಚಿಡುವ ಅಗತ್ಯವೂ ಅವಳಿಗಿರಲಿಲ್ಲ. ಮುಚ್ಚಿಟ್ಟವರು ನಂತರದವರು: ಓದಿದವರು, ಮನೆಗೆ ಪುರೋಹಿತರನ್ನು ಕರೆಸತೊಡಗಿದವರು, ದೊಡ್ಡ ಮನೆಗಳೊಂದಿಗೆ ಬೀಗತನ ಮಾಡಿದವರು. ನಾಚಿಕೆ ನಮ್ಮದು, ಅದನ್ನು ಅವಳ ಮಾನ ಎಂದು ಕರೆಯುತ್ತಿದ್ದೇವೆ.

ಜಮೀನಿನ ಭಯವೂ ಇತ್ತೆನ್ನಿ. ಮಲತಂದೆಯ ಪಿತ್ರಾರ್ಜಿತದಲ್ಲಿ ಆ ಮಗಳಿಗೆ ಕಾನೂನಿನಲ್ಲಿ ಪಾಲಿಲ್ಲ. ಇದನ್ನು ವಕೀಲರು ಬಿಡಿಸಿ ಹೇಳಿದ ಮೇಲೂ ಭಯ ಪೂರ್ತಿ ಹೋಗಲಿಲ್ಲ. ತಮಾಷೆಯೆಂದರೆ, ಆಕೆಯ ಮೊಮ್ಮಗ ರೇಷ್ಮೆಗೂಡು ಮಾರಲು ಬರುವುದು ರಾಮನಗರದ ಮಾರುಕಟ್ಟೆಗೇ, ನಮ್ಮ ದೊಡ್ಡಪ್ಪನೂ ಅಲ್ಲಿಗೇ ಹೋಗುವುದು. ಹರಾಜು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಕಾಫಿ ಕುಡಿಯುತ್ತಾರೆ. ನಂಟು ಇಬ್ಬರಿಗೂ ಗೊತ್ತು. ಹಾಗಾದರೆ ನಾವು ಗುಟ್ಟು ಕಾಯುತ್ತಿದ್ದದ್ದು ಕಾಗದದಿಂದ ಮಾತ್ರ.

ಇಷ್ಟು ಹೇಳಿ ಗೆದ್ದೆ ಎಂದುಕೊಳ್ಳಬಹುದಿತ್ತು. ಆದರೆ ಬರೆಯುವುದೇ ಬೇರೆ, ಹಂಚುವುದೇ ಬೇರೆ. ಅಪರಿಚಿತರ ಸಂದರ್ಶನಕ್ಕೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸುತ್ತಾರೆ. ನೆಂಟರ ವಿಷಯದಲ್ಲಿ ಮಾತ್ರ ಯಾರನ್ನೂ ಕೇಳದೆ ಎಪ್ಪತ್ತು ಫೋನುಗಳಿಗೆ ಕಳಿಸಿಬಿಡುತ್ತೇವೆ. ಮುತ್ತಜ್ಜಿಗೆ ನಾಚಿಕೆಯಿರಲಿಲ್ಲ ಎಂದು ಹೇಳುವ ನಾನು, 'ತಾಯಿ ಬಿಟ್ಟುಹೋದ ಮಗುವಿನ ಸಂತಾನ' ಎಂದು ಕರೆಸಿಕೊಳ್ಳುವವರ ಪರವಾಗಿ ಹಾಗೆ ಹೇಳಲಾರೆ. ಆ ಮಗುವಿಗೆ ಅದು ಹೆಮ್ಮೆಯ ಕಥೆಯಾಗಿರಲಿಕ್ಕಿಲ್ಲ. ವಿಧವೆಗೆ ಇನ್ನೊಂದು ಬದುಕು ಸಿಕ್ಕಿತು ಎಂದು ಸಂತೋಷಪಡುವ ನಮ್ಮಂಥವರು, ಮಗುವನ್ನು ಕರೆದೊಯ್ಯಲು ಅವಳಿಗೆ ಬಿಡಲಿಲ್ಲವೇ, ಅವಳೇ ಬಿಟ್ಟಳೇ ಎಂದು ಕೇಳುವುದಿಲ್ಲ. ಅದಕ್ಕೆ ಉತ್ತರವಿದ್ದರೆ ಕನಕಪುರದ ಆ ಮನೆಯಲ್ಲಿರಬೇಕು.

ಹೋಗಿದ್ದೆ. ಆಕೆಯ ಮಗಳಿಗೆ ಈಗ ಎಪ್ಪತ್ತು ದಾಟಿದೆ. ಪಟ್ಟಿ ತೋರಿಸಿದಾಗ ಓದಲು ಬರದಿದ್ದರೂ ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. ತಾಯಿ ಯಾಕೆ ಹೋದಳು ಅಂತ ಅವರವ್ವ ಯಾವತ್ತೂ ಹೇಳಲಿಲ್ಲವಂತೆ, ಇವರೂ ಕೇಳಲಿಲ್ಲವಂತೆ. ಆಮೇಲೆ, "ನಮ್ಮವ್ವನ ಹೆಸ್ರು ಬರ್ಕೊ ಮಗ, ಅವ್ಳ ತಾಯಿ ಪಕ್ಕದಾಗೆ. ನಮ್ಮೂರು, ನಮ್ ಮನೆ, ನಮ್ ಮಕ್ಕಳ ಹೆಸ್ರು ಬ್ಯಾಡ," ಅಂದರು. ಬರೆದುಕೊಂಡೆ. ನಮ್ಮ ಪಟ್ಟಿಯಲ್ಲಿ ಈಗ ಮುತ್ತಜ್ಜಿಯ ಪಕ್ಕದಲ್ಲಿ ಒಂದು ಗೆರೆ ಎಳೆದು ಆ ಹೆಸರಿದೆ, ಅದರ ಕೆಳಗೆ ಖಾಲಿ.