ಪಡೆಯುವವರ ಮಾನ

ಹಸಿದವರ ಚಿತ್ರವನ್ನು ಉಂಡವರಿಗೆ ತೋರಿಸಿ ಹಣ ಕೇಳುವುದು ಧರ್ಮವೇ? ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಗಳ ಸಂವಹನ ವಿಭಾಗದಲ್ಲಿ ದುಡಿಯುವವರ ಮೇಜಿಗೆ ಈ ಪ್ರಶ್ನೆ ದಿನವೂ ಬರುತ್ತದೆ, ಆದರೆ ಬೇರೆ ವೇಷದಲ್ಲಿ. ಯಾವ ಫೋಟೊವನ್ನು ಪತ್ರಿಕೆಗೆ ಕಳಿಸಬೇಕು, ಅದರ ಕೆಳಗೆ ಏನು ಬರೆಯಬೇಕು, ವರದಿಗಾರರನ್ನು ಯಾವ ಶಿಬಿರಕ್ಕೆ ಕರೆದೊಯ್ಯಬೇಕು ಎಂದು ಅದು ಕೇಳುತ್ತದೆ. ಇವನ್ನು ಪ್ರಚಾರದ ಕೌಶಲಕ್ಕೆ ಸೇರಿದ ಮಾತುಗಳೆಂದು ಬದಿಗಿಡುವುದು ರೂಢಿ. ನನ್ನ ಮಟ್ಟಿಗೆ ಇವು ದಾನಧರ್ಮದ ಪ್ರಶ್ನೆಗಳು. ದಾನದ ಬಗ್ಗೆ ಹಿಂದಿನವರು ಆಳವಾಗಿ ಯೋಚಿಸಿಟ್ಟದ್ದರಲ್ಲಿ ಇವಕ್ಕೆ ಉತ್ತರದ ದಾರಿಯೂ ಇದೆ.

ಗುಟ್ಟಾಗಿ ಕೊಡು ಎಂದು ಹೇಳದ ಧರ್ಮ ಕಡಿಮೆ. ಏಸು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಇದನ್ನೇ ಬೋಧಿಸಿದ. ಕುರಾನಿನ ಎರಡನೆಯ ಅಧ್ಯಾಯ ಬಹಿರಂಗ ದಾನವನ್ನು ಒಪ್ಪುತ್ತದಾದರೂ ಬಡವರಿಗೆ ಮರೆಯಲ್ಲಿ ಕೊಡುವುದನ್ನು ಮೇಲೆನ್ನುತ್ತದೆ. ನಾವು ಇದನ್ನು ಸಾಮಾನ್ಯವಾಗಿ ಕೊಡುವವನ ಅಹಂಕಾರಕ್ಕೆ ಹಾಕಿದ ಕಡಿವಾಣವೆಂದಷ್ಟೇ ತಿಳಿಯುತ್ತೇವೆ. ಆದರೆ 12ನೆಯ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳುವಾಗ ಒಂದೆಡೆ ನಿಲ್ಲಿಸಿಬಿಡುವಂಥ ವಿವರ ಕೊಡುತ್ತಾನೆ. ಕೆಲವು ಹಿರಿಯರು ನಾಣ್ಯಗಳನ್ನು ಬಟ್ಟೆಯಲ್ಲಿ ಕಟ್ಟಿ ಬೆನ್ನ ಹಿಂದೆ ಎಸೆದುಕೊಂಡು ನಡೆಯುತ್ತಿದ್ದರಂತೆ; ಬಡವರು ಹಿಂದಿನಿಂದ ಬಂದು ತೆಗೆದುಕೊಳ್ಳುತ್ತಿದ್ದರು. ತೆಗೆದುಕೊಳ್ಳುವವರು ಯಾರೆಂಬುದು ಕೊಡುವವರ ಕಣ್ಣಿಗೆ ಬೀಳುತ್ತಿರಲಿಲ್ಲ. ಬಡವರಿಗೆ ನಾಚಿಕೆಯಾಗಬಾರದು ಎಂಬುದೇ ಅದಕ್ಕೆ ಅವನು ಕೊಡುವ ಕಾರಣ. ಈ ಬೆಳಕಿನಲ್ಲಿ ನೋಡಿದರೆ ಉಳಿದ ಮಾತುಗಳೂ ಬೇರೆಯಾಗಿ ಕಾಣುತ್ತವೆ. ಕೊಟ್ಟದ್ದನ್ನು ಆಡಿ ತೋರಿಸಿ ನೋಯಿಸಿದರೆ ದಾನವೇ ವ್ಯರ್ಥ ಎಂದು ಕುರಾನಿನ ಅದೇ ಅಧ್ಯಾಯ ಎಚ್ಚರಿಸುತ್ತದೆ. ಗೀತೆಯ 17ನೆಯ ಅಧ್ಯಾಯ ಗೌರವವಿಲ್ಲದೆ, ತಾತ್ಸಾರದಿಂದ ಕೊಟ್ಟದ್ದನ್ನು ತಾಮಸ ದಾನದ ಸಾಲಿಗೆ ಸೇರಿಸುತ್ತದೆ. ಹೆಚ್ಚುಕಡಿಮೆ ಮೈಮೊನಿಡೀಸನ ಕಾಲದಲ್ಲೇ ಕಲ್ಯಾಣದ ಶರಣರು ದಾಸೋಹದಲ್ಲಿ ಕೊಡುವವನನ್ನೇ ಸೇವಕನ ಜಾಗದಲ್ಲಿ ನಿಲ್ಲಿಸಿದ್ದರು. ಹಾಗಾದರೆ ದಾನದ ಗುಟ್ಟು ಕಾಯುವುದು ಮುಖ್ಯವಾಗಿ ಪಡೆಯುವವರ ಮಾನವನ್ನು. ಇಂದಿನ ಪ್ರಚಾರದಲ್ಲಿ ಇದು ತಿರುವುಮುರುವಾಗಿದೆ. ದಾನಿ ತನ್ನ ಮನೆಯಲ್ಲಿ ಯಾರಿಗೂ ಕಾಣದೆ ಕೂತಿದ್ದಾನೆ, ಪಡೆಯುವವರ ಮುಖ ಊರೂರಿನ ಗೋಡೆಯ ಮೇಲಿದೆ.

ಇಥಿಯೋಪಿಯದ ಕ್ಷಾಮವನ್ನು ನೋಡಿ. 1984ರ ಅಕ್ಟೋಬರ್ 23ರಂದು ಕೋರೆಮ್ ಶಿಬಿರದಿಂದ ಮೈಕೆಲ್ ಬ್ಯೂರ್ಕ್ ಮಾಡಿದ ವರದಿ, ಕೀನ್ಯಾದ ಮೊಹಮದ್ ಅಮೀನ್ ಸೆರೆಹಿಡಿದ ದೃಶ್ಯಗಳೊಂದಿಗೆ ಬಿಬಿಸಿಯಲ್ಲಿ ಪ್ರಸಾರವಾಯಿತು. ಜಗತ್ತು ಬೆಚ್ಚಿತು. ಮರುವರ್ಷ ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯದಲ್ಲಿ ಲೈವ್ ಏಡ್ ಸಂಗೀತ ಕಾರ್ಯಕ್ರಮ ನಡೆದು ಕೋಟಿಗಟ್ಟಲೆ ಹಣ ಸೇರಿತು. ಆ ಹಣ ಜೀವ ಉಳಿಸಿತು, ಅದನ್ನು ಹಗುರ ಮಾಡುವ ಇರಾದೆ ನನಗಿಲ್ಲ. ಆದರೆ ಬಹುಮಂದಿಯ ಮನಸ್ಸಿನಲ್ಲಿ ಆ ಚಿತ್ರಗಳು ನೆಟ್ಟದ್ದು ಬರಗಾಲವನ್ನು ಮಾತ್ರ. ಮಳೆ ಕೈಕೊಟ್ಟದ್ದು ನಿಜ. ಅದರ ಜೊತೆಗೆ ಆಗ ದೇಶವನ್ನಾಳುತ್ತಿದ್ದ ದೆರ್ಗ್ ಎಂಬ ಸೇನಾ ಸರ್ಕಾರ ಟಿಗ್ರೇ ಮತ್ತು ಎರಿಟ್ರಿಯದ ಬಂಡುಕೋರರ ಮೇಲೆ ಯುದ್ಧ ನಡೆಸುತ್ತಿತ್ತು. ಬೆಳೆ ಸುಟ್ಟಿತ್ತು, ಸಂತೆಗಳ ಮೇಲೆ ಬಾಂಬು ಬಿದ್ದಿತ್ತು, ಉತ್ತರದ ಜನರನ್ನು ಬಲವಂತದಿಂದ ದಕ್ಷಿಣಕ್ಕೆ ಸಾಗಿಸಲಾಗುತ್ತಿತ್ತು. ಬರದಿಂದ ಸೊರಗಿದವರು ಕರುಣೆಯನ್ನಷ್ಟೇ ಬೇಡುತ್ತಾರೆ. ಕಾಳು ಕಸಿದುಕೊಂಡವರು ಯಾರು ಎಂದು ಹೇಳಬಲ್ಲವರು ನ್ಯಾಯವನ್ನೂ ಕೇಳುತ್ತಾರೆ. ಮನುಷ್ಯರನ್ನು ಬರೀ ಹೊಟ್ಟೆಯಾಗಿ ತೋರಿಸಿದಾಗ ಅವರ ಮಾನ ಹೋಗುತ್ತದೆ, ಅದರ ಜೊತೆಯಲ್ಲೇ ಸತ್ಯವೂ ಹೋಗುತ್ತದೆ. ಇವೆರಡು ಬೇರೆಬೇರೆ ತಪ್ಪುಗಳಲ್ಲ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ: ಕಣ್ಣೀರು ತೋರಿಸದಿದ್ದರೆ ಹಣ ಬರುವುದಿಲ್ಲ, ಹಣ ಬಾರದಿದ್ದರೆ ಮಕ್ಕಳು ಸಾಯುತ್ತಾರೆ. ಇದಕ್ಕೆ ಪುರಾವೆಯೂ ಉಂಟು. ಸ್ಮಾಲ್, ಲೋವೆನ್‌ಸ್ಟೈನ್ ಮತ್ತು ಸ್ಲೊವಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಅದರಲ್ಲಿ ಎಷ್ಟು ದಾನ ಮಾಡುತ್ತೀರಿ ಎಂದು ಕೇಳಲಾಯಿತು. ಮಾಲಿ ದೇಶದ ಏಳು ವರ್ಷದ ರೋಕಿಯಾಳ ಬಗ್ಗೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಹಸಿವಿನ ಅಂಕಿಅಂಶ ಓದಿದವರು ಕೊಟ್ಟದ್ದು 1.14 ಡಾಲರ್. ಎರಡನ್ನೂ ಒಟ್ಟಿಗೆ ಓದಿದವರದು 1.43ಕ್ಕೆ ನಿಂತಿತು. ಮನುಷ್ಯನ ಎದೆ ಸಂಖ್ಯೆಗೆ ಕರಗದು, ಮುಖಕ್ಕೆ ಕರಗುತ್ತದೆ. ಒಪ್ಪೋಣ. ಆದರೆ ರೋಕಿಯಾಳಿಗೆ ಹೆಸರಿತ್ತು, ವಯಸ್ಸಿತ್ತು, ದೇಶವಿತ್ತು. ಓದುಗರಿಗೆ ಒಬ್ಬ ವ್ಯಕ್ತಿ ಬೇಕು ಎಂಬುದನ್ನು ಈ ಪ್ರಯೋಗ ತೋರಿಸಿತು. ಆ ವ್ಯಕ್ತಿ ನೊಣ ಮುತ್ತಿದ, ಹೆಸರಿಲ್ಲದ ದೇಹವಾಗಿರಬೇಕು ಎಂದು ತೋರಿಸಲಿಲ್ಲ. ಆಕ್ಷೇಪದ ಬೇರು ಇನ್ನೂ ಆಳದಲ್ಲಿದೆ. ಮಾನಗೆಡಿಸುವ ಚಿತ್ರದಿಂದಲೇ ಹೆಚ್ಚು ಹಣ ಬರುತ್ತದೆ ಎಂದುಕೊಳ್ಳೋಣ. ಮಗುವಿನ ಜೀವದ ಮುಂದೆ ಮಾನ ಯಾವ ಲೆಕ್ಕ ಎಂದು ತಾಯಿ ಹೇಳಬಹುದು, ಹೇಳಿದರೆ ಅದು ದೊಡ್ಡ ಮಾತು, ಆಗ ಆ ಚಿತ್ರವನ್ನು ತೋರಿಸಲೇಬೇಕು. ತನ್ನ ಮಾನವನ್ನು ಬಿಟ್ಟುಕೊಡುವ ಹಕ್ಕು ಅವಳದು. ಅವಳ ಪರವಾಗಿ ಅದನ್ನು ಬಿಟ್ಟುಕೊಡುವ ಹಕ್ಕು ಜಿನೀವಾದಲ್ಲೋ ಲಂಡನ್ನಿನಲ್ಲೋ ಇರುವ ಕಚೇರಿಗೆ ಇಲ್ಲ.

ಅದಕ್ಕೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇವಲ್ಲ ಎನ್ನಬಹುದು. ಆದರೆ ಮುಂದಿನ ಊಟ ಯಾರ ಕೈಯಲ್ಲಿದೆಯೋ ಅವರೇ ಮುಂದೆ ನಿಂತು ಕೇಳುವಾಗ ಬೇಡವೆನ್ನುವುದು ಸುಲಭವಲ್ಲ. ಸಹಿಯ ಗಳಿಗೆ ಚಿಕ್ಕದು, ಚಿತ್ರದ ಆಯುಷ್ಯ ದೊಡ್ಡದು. ಲೈವ್ ಏಡ್‌ನ ಪರದೆಯ ಮೇಲೆ ಸಾಯುವಂತೆ ಕಂಡ ಪುಟ್ಟ ಮಗು ಬಿರ್ಹಾನ್ ವೊಲ್ಡು ಬದುಕಿ ಉಳಿದಳು, ಬೆಳೆದಳು, 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಲೈವ್ 8 ಸಂಗೀತ ಕಾರ್ಯಕ್ರಮದ ವೇದಿಕೆ ಏರಿದಳು. ಅವಳ ಬಾಲ್ಯದ ಅತ್ಯಂತ ನಿಸ್ಸಹಾಯಕ ಕ್ಷಣ ಅವಳನ್ನು ಕೇಳದೆಯೇ ಜಗತ್ತಿನದಾಗಿಬಿಟ್ಟಿತ್ತು. ಆದ್ದರಿಂದ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ದಾರಿ ಇರಬೇಕು, ಅಡಿಬರಹವನ್ನು ಚಿತ್ರದಲ್ಲಿರುವವರಿಗೆ ಅವರದೇ ಭಾಷೆಯಲ್ಲಿ ಓದಿ ಹೇಳಬೇಕು. ರೆಡ್ ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯ ಹತ್ತನೆಯ ಅಂಶ, ಪ್ರಚಾರದಲ್ಲಿ ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ಕಾಣಬೇಕು ಎನ್ನುತ್ತದೆ. ಕೆಲವು ಸಂಸ್ಥೆಗಳು ಇದನ್ನು ನಗುಮುಖದ ಚಿತ್ರಗಳನ್ನಷ್ಟೇ ಹಾಕಿ ಪೂರೈಸಿಬಿಡುತ್ತವೆ. ಅದೂ ಸುಳ್ಳೇ. ನೋವಿರುವವರ ನೋವನ್ನು ಅಳಿಸುವುದು ಗೌರವವಲ್ಲ.

ಕೊನೆಯ ಆಕ್ಷೇಪ ನಿಜಕ್ಕೂ ಕಠಿಣವಾದದ್ದು. ಹಸಿವಿನ ನಿಜವಾದ ಕಾರಣ ಹೇಳಿದರೆ ಸರ್ಕಾರ ಸಂಸ್ಥೆಯನ್ನು ದೇಶದಿಂದ ಹೊರಗೆ ಹಾಕುತ್ತದೆ, ಆಗ ನಷ್ಟ ಯಾರಿಗೆ? ಇಥಿಯೋಪಿಯದ ಬಲವಂತದ ಸ್ಥಳಾಂತರವನ್ನು ಬಹಿರಂಗವಾಗಿ ಖಂಡಿಸಿದ ಗಡಿರಹಿತ ವೈದ್ಯರ ಸಂಸ್ಥೆಯ ಫ್ರೆಂಚ್ ವಿಭಾಗವನ್ನು 1985ರ ಡಿಸೆಂಬರಿನಲ್ಲಿ ಹೊರಹಾಕಲಾಯಿತು. ಅದರ ರೋಗಿಗಳು ಅಲ್ಲೇ ಉಳಿದರು. ಬೇರೆ ಸಂಸ್ಥೆಗಳು ಬಾಯಿ ಬಿಡದೆ ಕೆಲಸ ಮುಂದುವರಿಸಿದವು. ಉಳಿದುಕೊಂಡವರನ್ನು ನಾನು ಹೇಡಿಗಳೆನ್ನಲಾರೆ. ರೋಗಿಯ ಪಕ್ಕದಲ್ಲಿರಲು ಮೌನ ಬೆಲೆಯಾದರೆ ಆ ಬೆಲೆ ತೆರುವುದು ಧರ್ಮವಾಗಿರಬಹುದು. ಆದರೆ ಮೌನಕ್ಕೂ ತಪ್ಪು ಕಾರಣ ಹೇಳುವುದಕ್ಕೂ ನಡುವೆ ಗೆರೆಯೊಂದಿದೆ, ಮಾಧ್ಯಮ ಅಧಿಕಾರಿಯ ಕೆಲಸ ಆ ಗೆರೆಯ ಮೇಲೆಯೇ ನಡೆಯುತ್ತದೆ. ಪತ್ರಿಕಾ ಪ್ರಕಟಣೆಯಲ್ಲಿ ಯುದ್ಧದ ಹೆಸರೆತ್ತದೆ ಇರಬಹುದು. ಎಲ್ಲವೂ ಮಳೆಯ ತಪ್ಪು ಎಂದು ಬರೆದರೆ ಮಾತ್ರ ಅದು ಕಾಳು ಕಳೆದುಕೊಂಡವರಿಂದ ಅವರ ದೂರನ್ನೂ ಕಸಿದುಕೊಂಡಂತೆ, ಅದೂ ಅವರಿಗೆ ಅನ್ನ ಹಾಕುವ ಕೈಯಿಂದಲೇ.